ಮಾರ್ಸಿಯಾನೊ, ಲೂಯಿ, ಅಲಿ ಇವತ್ತು ರಿಂಗಿಗೆ ಇಳಿದರೆ?

ಹಳೇರೀಲು:
ಉಸಿಕ್-ಫ್ಯೂರಿ ಎರಡನೇ ಬಾಕ್ಸಿಂಗ್ ಪಂದ್ಯವನ್ನು (ರಿಯಾದ್, ಡಿಸೆಂಬರ್ 2024) ನಿನ್ನೆ ರಾತ್ರಿ ಮತ್ತೆ ನೋಡಿದೆ. ಆಗಿನಿಂದ ತಲೆಯಲ್ಲಿ ಒಂದೇ ವಿಷಯ ಕೊರೀತಿದೆ. ಹಳೇ ಹೆವಿವೇಟ್ (ಅತಿ ಭಾರದ ವರ್ಗದ) ಚಾಂಪಿಯನ್ನರು ಇವತ್ತಿನ ದೈತ್ಯರ ಮುಂದೆ ಮೂರು ರೌಂಡೂ ನಿಲ್ಲಲ್ಲ ಅಂತ ಎಲ್ಲರೂ ಹೇಳ್ತಾರೆ. ಆವತ್ತು ಫ್ಯೂರಿ ಸುಮಾರು 127 ಕೆಜಿ, ಉಸಿಕ್ 102. ಗೆದ್ದದ್ದು ಉಸಿಕ್, ಅದೂ ಎರಡನೇ ಸಲ. ಉಸಿಕ್‌ನ ಎತ್ತರ 191 ಸೆಂ.ಮೀ., ಕೈ ಚಾಚಿದರೆ 198. ಅಲಿಯ ಅಳತೆಯೂ ಇದೇ. 1974ರಲ್ಲಿ ಕಿನ್ಶಾಸಾದಲ್ಲಿ ಫೋರ್ಮನ್ ವಿರುದ್ಧ ಆಡಿದಾಗ ಅಲಿ 98 ಕೆಜಿ ಇದ್ದ. ಹಾಗಾದರೆ ಉಸಿಕ್‌ಗೆ ಆಗಿದ್ದು ಅಲಿಗೆ ಯಾಕೆ ಆಗಲ್ಲ?

ಮಾಪಕ:
ಅಲಿಯನ್ನು ನಾನೂ ಒಪ್ತೀನಿ. ಅವನನ್ನು ಮುಂದಿಟ್ಟುಕೊಂಡು ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳಬೇಡಿ. 50ರ ದಶಕದ ಚಾಂಪಿಯನ್ ಮಾರ್ಸಿಯಾನೊ 49 ಪಂದ್ಯ ಆಡಿ 49ನ್ನೂ ಗೆದ್ದ, ಸರಿ. ಆದರೆ ಎತ್ತರ 178 ಸೆಂ.ಮೀ., ತೂಕ 84 ಕೆಜಿ ಆಸುಪಾಸು. ಹೆವಿವೇಟ್‌ಗಿಂತ ಕೆಳಗಿನ ವರ್ಗವಾದ ಕ್ರೂಸರ್‌ವೇಟ್ ಮಿತಿಯೇ ಈಗ 90 ಕೆಜಿ ದಾಟಿದೆ. ಅಂದರೆ ಇವತ್ತಿನ ಲೆಕ್ಕದಲ್ಲಿ ಅವನು ಹೆವಿವೇಟೇ ಅಲ್ಲ. 206 ಸೆಂ.ಮೀ. ಎತ್ತರದ ಫ್ಯೂರಿಯ ಎದೆಯನ್ನು ಮುಟ್ಟೋಕೂ ಅವನು ಎರಡು ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ತಿಂದು ಒಳಗೆ ಹೋಗಬೇಕು. ಒಳಗೆ ಹೋದಮೇಲೆ ಫ್ಯೂರಿ ಕತ್ತಿನ ಮೇಲೆ ಬಿದ್ದು ತೂಗ್ತಾನೆ, ಅಷ್ಟೇ.

ಕೆಂಪುಮೂಲಿ:
ತೂಕ ತೂಕ ಅಂತ ಅದನ್ನ ಒಂದ ಹಿಡಕೊಂಡ ಕುಂತೀರಲ್ರಿ ಮಾಪಕ ಸರ್. 1919, ಜುಲೈ 4, ಟೊಲಿಡೊ. ಚಾಂಪಿಯನ್ ಜೆಸ್ ವಿಲ್ಲರ್ಡ್ ಆರೂವರೆ ಅಡಿ ಆಳು, 111 ಕೆಜಿ. ಎದುರಿಗಿದ್ದ ಜ್ಯಾಕ್ ಡೆಂಪ್ಸಿ 85. ಮೊದಲನೇ ರೌಂಡಿನ್ಯಾಗ ಏಳು ಸಲ ಕೆಡವ್ಯಾನ. ಮೂರು ಮುಗಿದ ಮ್ಯಾಲ ವಿಲ್ಲರ್ಡ್ ಸ್ಟೂಲ್ ಬಿಟ್ಟು ಏಳಲಿಲ್ಲ. 1935ರಾಗ ಜೋ ಲೂಯಿ 89 ಕೆಜಿ, ಪ್ರಿಮೊ ಕಾರ್ನೆರಾ 118. ಆರನೇ ರೌಂಡಿಗೆ ಮುಗಿಸ್ಯಾನ. ದೊಡ್ಡ ಆಳು ಅವಾಗೂ ಇದ್ರು, ಬಿದ್ದೂ ಬಿದ್ರು.

ಮಾಪಕ:
ಆ ಟೊಲಿಡೊ ರೀಲನ್ನು ಇನ್ನೊಮ್ಮೆ ನೋಡಿ. ವಿಲ್ಲರ್ಡ್ ಬಿದ್ದಾಗ ಡೆಂಪ್ಸಿ ಎಲ್ಲಿ ನಿಂತಿದ್ದಾನೆ? ತಲೆಯ ಮೇಲೇ. ಮೊಣಕಾಲು ನೆಲ ಬಿಟ್ಟ ಕ್ಷಣ ಮತ್ತೆ ಹೊಡೀತಾನೆ. ಈಗ ಎದುರಾಳಿ ಬಿದ್ದರೆ ದೂರದ ಮೂಲೆಗೆ ಹೋಗಿ ನಿಲ್ಲಬೇಕು, ಬಿದ್ದವನಿಗೆ ಉಸಿರು ಸಿಗುತ್ತೆ. ಆ ನಿಯಮ ಜಾರಿಗೆ ಬಂದಮೇಲೆ ಇದೇ ಡೆಂಪ್ಸಿ ಏನು ಮಾಡಿದ? 1927ರಲ್ಲಿ ಆಗಿನ ಚಾಂಪಿಯನ್ ಜೀನ್ ಟನಿಯನ್ನು ಕೆಡವಿ ಮೂಲೆಗೆ ಹೋಗಲು ತಡಮಾಡಿದ. ರೆಫರಿ ಹತ್ತರ ತನಕ ಎಣಿಸೋದು ತಡವಾಯ್ತು, ಟನಿ ಎದ್ದ, ಪಂದ್ಯವನ್ನೂ ಗೆದ್ದ. ಇನ್ನು ವಿಲ್ಲರ್ಡ್‌ಗೆ ಆಗ 37 ವರ್ಷ, ಮೂರು ವರ್ಷದಿಂದ ಪಟ್ಟಕ್ಕಾಗಿ ಆಡಿರಲಿಲ್ಲ. ಕಾರ್ನೆರಾಗೆ ದೇಹ ಇತ್ತು, ಕೈಚಳಕ ಇರಲಿಲ್ಲ. ದೇಹವೂ ಕೈಚಳಕವೂ ಒಬ್ಬನಲ್ಲೇ ಕೂಡಿದ್ದು ಲೆನಾಕ್ಸ್ ಲೂಯಿಸ್, ಕ್ಲಿಚ್ಕೊ ಸಹೋದರರ ಕಾಲಕ್ಕೆ, ಅಂದರೆ 90ರ ದಶಕದಿಂದ ಈಚೆಗೆ. ನನ್ನ ವಾದ ಇಷ್ಟೇ.

ಮೂರನೇ ರೌಂಡು:
ನಾನು ಕೆಲವು ವರ್ಷ ಹವ್ಯಾಸಕ್ಕೆ ಗ್ಲೌಸ್ ಹಾಕಿದವನು, ಅದಕ್ಕೇ ಬರೀತಿದ್ದೀನಿ. ನನಗಿಂತ 20 ಕೆಜಿ ಹೆಚ್ಚಿದ್ದ ಒಬ್ಬರ ಜೊತೆ ಸ್ಪಾರಿಂಗ್ (ಅಭ್ಯಾಸದ ಆಟ) ಮಾಡ್ತಿದ್ದೆ. ಅವರ ಪೆಟ್ಟು ಅಂಥಾ ಕಷ್ಟ ಅನ್ನಿಸ್ತಿರಲಿಲ್ಲ. ಕಷ್ಟ ಆಗ್ತಿದ್ದದ್ದು ಕ್ಲಿಂಚ್, ಅಂದರೆ ತಬ್ಬಿ ಹಿಡಿಯೋದು. ಮುಂಗೈಯನ್ನು ನನ್ನ ಕತ್ತಿನ ಹಿಂದೆ ಇಟ್ಟು ಸುಮ್ಮನೆ ಭಾರ ಬಿಡೋರು. ಮೊದಲ ರೌಂಡಲ್ಲಿ ಏನೂ ಗೊತ್ತಾಗ್ತಿರಲಿಲ್ಲ. ಮೂರನೇ ರೌಂಡಿಗೆ ತೊಡೆ ನಡುಗೋಕೆ ಶುರು, ಗ್ಲೌಸು ಗಲ್ಲದಿಂದ ತಾನಾಗೇ ಕೆಳಗಿಳಿಯೋದು. ಪೆಟ್ಟು ಬಿದ್ದದ್ದೆಲ್ಲ ಆಮೇಲೆ.

ಅದಕ್ಕೇ ನನ್ನ ಪ್ರಕಾರ "ಯಾರು ಗೆಲ್ತಾರೆ" ಅನ್ನೋದಕ್ಕಿಂತ ಮುಂಚೆ "ರೆಫರಿ ಕ್ಲಿಂಚ್ ಎಷ್ಟು ಬೇಗ ಬಿಡಿಸ್ತಾನೆ" ಅಂತ ಕೇಳಬೇಕು. ಆಮೇಲೆ ರೌಂಡ್ ಎಷ್ಟು ಅಂತ. 1982ರಲ್ಲಿ ಮ್ಯಾನ್ಸಿನಿ ಜೊತೆ ಆಡಿ ದುಕ್-ಕೂ ಕಿಮ್ ತೀರಿಕೊಂಡ ಮೇಲೆ ಪಟ್ಟದ ಪಂದ್ಯಗಳು 15ರಿಂದ 12ಕ್ಕೆ ಇಳಿದವು. ಇಳಿದದ್ದು ಒಳ್ಳೇದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾರ್ಸಿಯಾನೊ ಚಾಂಪಿಯನ್ ಆದದ್ದು 13ನೇ ರೌಂಡಲ್ಲಿ! 1952, ಆಗಿನ ಚಾಂಪಿಯನ್ ವಾಲ್ಕಾಟ್ ಮೂವರು ತೀರ್ಪುಗಾರರ ಚೀಟಿಯಲ್ಲೂ ಮುಂದಿದ್ದ. ಹಗ್ಗದ ಹತ್ತಿರ ಇಬ್ಬರೂ ಒಟ್ಟಿಗೆ ಬಲಗೈ ಎತ್ತಿದರು, ಮಾರ್ಸಿಯಾನೊನದು ಒಂದು ಗೇಣು ಮೊದಲು ತಲುಪಿತು. ವಾಲ್ಕಾಟ್ ಒಂದು ಕೈ ಹಗ್ಗಕ್ಕೆ ಸಿಕ್ಕಿಕೊಂಡ ಹಾಗೇ ಕುಸಿದ. 12 ರೌಂಡಿನ ನಿಯಮ ಇದ್ದಿದ್ದರೆ ಆ ರಾತ್ರಿ ಮಾರ್ಸಿಯಾನೊ ಸೋತು ಮನೆಗೆ ಹೋಗ್ತಿದ್ದ. 49-0 ಅನ್ನೋ ಮಾತೇ ಇರ್ತಿರಲಿಲ್ಲ.

ಮಾಪಕ:
ಇದನ್ನು ನಾನು ಯೋಚಿಸಿರಲಿಲ್ಲ. ಒಪ್ಪಿದೆ.

ಹಳೇರೀಲು:
ಎರಡು ಕಾಲ ನಿಜವಾಗಿ ಮುಖಾಮುಖಿ ಆದದ್ದು ಒಂದಿದೆ, ಅದನ್ನು ಯಾರೂ ಎತ್ತಲಿಲ್ಲ. ಜಾರ್ಜ್ ಫೋರ್ಮನ್. 1974ರಲ್ಲಿ ಅಲಿಯ ಕೈಯಲ್ಲಿ ಎಂಟನೇ ರೌಂಡಲ್ಲಿ ಬಿದ್ದವನು. ಇಪ್ಪತ್ತು ವರ್ಷ ಬಿಟ್ಟು, 1994ರ ನವೆಂಬರ್‌ನಲ್ಲಿ, ಕಿನ್ಶಾಸಾದಲ್ಲಿ ಹಾಕಿದ್ದ ಅದೇ ಕೆಂಪು ಚಡ್ಡಿ ಹಾಕಿಕೊಂಡು 26 ವರ್ಷದ ಚಾಂಪಿಯನ್ ಮೈಕಲ್ ಮೂರರ್ ಎದುರು ನಿಂತ. ಫೋರ್ಮನ್‌ಗೆ ಆಗ 45. ಒಂಬತ್ತು ರೌಂಡ್ ಸೋಲ್ತಾನೇ ಬಂದ. ಹತ್ತರಲ್ಲಿ ಗಿಡ್ಡನೆಯ, ನೇರ ಬಲಗೈ ಹೊಡೆತ ಒಂದು. ಮೂರರ್ ಏಳಲಿಲ್ಲ. 70ರ ದಶಕದವರಲ್ಲಿ ಯೌವನ ಕಳೆದವನೊಬ್ಬ ಇಷ್ಟು ಮಾಡಿದರೆ ಯೌವನದಲ್ಲಿದ್ದ ಫೋರ್ಮನ್ ಏನು ಮಾಡ್ತಿದ್ದ?

ಕೆಂಪುಮೂಲಿ:
80ರ ದಶಕದ ಚಾಂಪಿಯನ್ ಲ್ಯಾರಿ ಹೋಮ್ಸ್‌ನ್ನೂ ಸೇರಿಸ್ರಿ. 1992ರಾಗ 42 ವಯಸ್ಸಿನ್ಯಾಗ, ಅಲ್ಲೀತನಕ ಒಂದೂ ಸೋಲದ ರೇ ಮರ್ಸರ್‌ನ್ನ ಸೋಲಿಸ್ಯಾನ. ಅದ ಮರ್ಸರ್ 1996ರಾಗ ಲೆನಾಕ್ಸ್ ಲೂಯಿಸ್‌ಗೆ ಹತ್ತೂ ರೌಂಡ್ ಬೆವರು ಇಳಿಸ್ಯಾನ.

ಮಾಪಕ:
ಎ ಬಿಯನ್ನು ಸೋಲಿಸಿದ, ಬಿ ಸಿಗೆ ಕಷ್ಟ ಕೊಟ್ಟ, ಹಾಗಾಗಿ ಎ ಸಿಗಿಂತ ಮೇಲು ಅನ್ನೋ ಲೆಕ್ಕ ಬಾಕ್ಸಿಂಗ್‌ನಲ್ಲಿ ನಡೆಯಲ್ಲ ಸರ್. ಫ್ರೇಜಿಯರ್ ಅಲಿಯನ್ನು 1971ರಲ್ಲಿ ಸೋಲಿಸಿದ, ಫೋರ್ಮನ್ ಫ್ರೇಜಿಯರ್‌ನನ್ನು ಎರಡೇ ರೌಂಡಲ್ಲಿ ಮುಗಿಸಿದ, ಅಲಿ ಫೋರ್ಮನ್‌ನನ್ನು ಕೆಡವಿದ. ಶೈಲಿಗೆ ಶೈಲಿ ಹೇಗೆ ಕೂಡುತ್ತೆ ಅನ್ನೋದೇ ಎಲ್ಲ. ಆದರೆ ಫೋರ್ಮನ್ ಮಾತು ಗಟ್ಟಿ ಇದೆ. ಪೆಟ್ಟಿನ ಜೋರು ತೂಕದಿಂದ ಮಾತ್ರ ಬರೋದಲ್ಲ ಅನ್ನೋದಕ್ಕೆ ನಾನೇ ಒಂದು ಸಾಕ್ಷಿ ಕೊಡ್ತೀನಿ: 2018ರಲ್ಲಿ ಫ್ಯೂರಿಯನ್ನು 12ನೇ ರೌಂಡಲ್ಲಿ ಮಲಗಿಸಿದಾಗ ಆಗಿನ ಚಾಂಪಿಯನ್ ವೈಲ್ಡರ್ 96 ಕೆಜಿ. ಕಿನ್ಶಾಸಾದ ಅಲಿಗಿಂತ ಕಡಿಮೆ!

ಹಾಗಾಗಿ ನನ್ನ ಗೆರೆ ಇಲ್ಲಿದೆ. ಅಲಿ, ಫೋರ್ಮನ್, ಹೋಮ್ಸ್ ಇವತ್ತೂ ಪಟ್ಟಕ್ಕೆ ಹೋರಾಡೋರು. ಜೋ ಲೂಯಿ ಬಗ್ಗೆ ಮನಸ್ಸು ಇನ್ನೂ ತೂಗಾಡ್ತಿದೆ, ಅಷ್ಟು ಚುರುಕು ಕೈ. ಮಾರ್ಸಿಯಾನೊ, ಡೆಂಪ್ಸಿ ಕ್ರೂಸರ್‌ವೇಟ್‌ನಲ್ಲಿ ರಾಜರು, ಅದರ ಮೇಲೆ ಇಲ್ಲ.

ಸ್ಪ್ಲಿಟ್ ಡಿಸಿಷನ್:
ಈ ಜಗಳ ಹೊಸದಲ್ಲ. 1969ರಲ್ಲಿ ಅಲಿ, ಮಾರ್ಸಿಯಾನೊ ಇಬ್ಬರನ್ನೂ ಕ್ಯಾಮೆರಾ ಮುಂದೆ ನಿಲ್ಲಿಸಿ ಆಡಿಸಿದರು, ಫಲಿತಾಂಶ ಕಂಪ್ಯೂಟರ್‌ಗೆ ಬಿಟ್ಟರು. ಅಮೆರಿಕದಲ್ಲಿ ತೋರಿಸಿದ್ದು ಮಾರ್ಸಿಯಾನೊ ಗೆದ್ದದ್ದು, ಯುರೋಪಿನಲ್ಲಿ ಅಲಿ ಗೆದ್ದದ್ದು. ಅದು ತೆರೆಗೆ ಬರುವ ಮೊದಲೇ ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಿದ್ದ.

ಈಗ ಹಳೇರೀಲು ಅವರ ಮೊದಲ ಪ್ರಶ್ನೆಗೆ ಬರ್ತೀನಿ. ಫ್ಯೂರಿಯನ್ನು ಅಲಿ ಸೋಲಿಸಬಲ್ಲ ಅಂತ ನಾನೂ ನಂಬ್ತೀನಿ. ನನಗೆ ಅನುಮಾನ ಇರೋದು ಅಲಿ-ಉಸಿಕ್ ಮೇಲೆ. ಉಸಿಕ್ ಎಡಗೈ ಬಾಕ್ಸರ್, ಬಲಗಾಲು ಮುಂದೆ. ಅಂಥವನ ಎದುರು ಮುಂದಿನ ಕೈಗೆ ಮುಂದಿನ ಕೈ ತಾಗುತ್ತೆ, ಜ್ಯಾಬ್ ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಅಲಿಯ ಆಟ ನಿಂತಿರೋದೇ ಜ್ಯಾಬ್ ಮೇಲೆ. 1966ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಕಾರ್ಲ್ ಮಿಲ್ಡನ್‌ಬರ್ಗರ್ ಅನ್ನೋ ಎಡಗೈ ಬಾಕ್ಸರ್‌ನನ್ನು ಮುಗಿಸೋಕೆ ಅಲಿಗೆ 12ನೇ ರೌಂಡಿನ ತನಕ ಬೇಕಾಯ್ತು, ಅದೂ ಅವನ ಕಾಲು ಅತ್ಯಂತ ಚುರುಕಾಗಿದ್ದ ವರ್ಷದಲ್ಲಿ. ಮಿಲ್ಡನ್‌ಬರ್ಗರ್ ಉಸಿಕ್‌ನ ಹತ್ತಿರಕ್ಕೂ ಬರಲ್ಲ. ಆ ಪಂದ್ಯ ಪೂರ್ತಿ ನೋಡಿಕೊಂಡು ಬನ್ನಿ, ಅಲಿಯ ಎಡಗೈ ಎಲ್ಲೆಲ್ಲಿ ತಡೆದು ನಿಲ್ಲುತ್ತೆ ಅಂತ ಗಮನಿಸಿ. ಮಾತು ಅಲ್ಲಿಂದ ಮುಂದುವರಿಸೋಣ.