ಮೂತ್ರನಾಳದಿಂದ ಸ್ರಾವ: ವೈದ್ಯರನ್ನು ಯಾವಾಗ ಕಾಣಬೇಕು?

ಪ್ರಶ್ನೆ: ಮೂರು ದಿನಗಳಿಂದ ಬೆಳಿಗ್ಗೆ ಶಿಶ್ನದ ತುದಿಯಲ್ಲಿ ಹಳದಿ ಸ್ರಾವ ಕಾಣಿಸುತ್ತಿದ್ದು, ಮೂತ್ರ ವಿಸರ್ಜಿಸುವಾಗ ಉರಿಯೂ ಇದೆ. ತಾನಾಗಿಯೇ ವಾಸಿಯಾದೀತೆಂದು ಕಾಯಬಹುದೇ? ವೈದ್ಯರಲ್ಲಿ ಹೇಳಿಕೊಳ್ಳಲು ಸಂಕೋಚವಾಗುತ್ತಿದೆ.

ಉತ್ತರ 1: ದಯವಿಟ್ಟು ಕಾಯಬೇಡಿ. ಲೈಂಗಿಕ ಉದ್ರೇಕದ ವೇಳೆ ಬರುವ ತಿಳಿಯಾದ ಅಂಟುದ್ರವ ಸಹಜವಾದುದು. ಆದರೆ ಉದ್ರೇಕವಿಲ್ಲದೆಯೂ ಹಳದಿ, ಹಸಿರು ಅಥವಾ ಬಿಳಿಯ ಸ್ರಾವ ಒಸರುತ್ತಿದ್ದರೆ ಅದು ಬಹುಮಟ್ಟಿಗೆ ಮೂತ್ರನಾಳದ ಸೋಂಕಿನ ಲಕ್ಷಣ. ಲೈಂಗಿಕ ಸಂಪರ್ಕದಿಂದ ಹರಡುವ ಗೊನೊರಿಯಾ ಎಂಬ ಸೋಂಕು ಸಾಮಾನ್ಯವಾಗಿ ಸಂಪರ್ಕದ ನಂತರ ಒಂದೆರಡು ವಾರಗಳೊಳಗೆ ಕಾಣಿಸಿಕೊಳ್ಳುತ್ತದೆ. ಹಾಗೆಯೇ ಹರಡುವ ಕ್ಲಮೈಡಿಯಾ ಎಂಬ ಇನ್ನೊಂದು ಸೋಂಕಿಗೆ 1ರಿಂದ 3 ವಾರ ಹಿಡಿಯಬಹುದು, ಎಷ್ಟೋ ಮಂದಿಯಲ್ಲಿ ಅದು ಲಕ್ಷಣವನ್ನೇ ತೋರದು. ಬಣ್ಣ ನೋಡಿ ಯಾವ ಸೋಂಕೆಂದು ಖಚಿತವಾಗಿ ಹೇಳಲಾಗದ ಕಾರಣ, ಮೂತ್ರದ ಮೊದಲ ಧಾರೆಯ ಪರೀಕ್ಷೆ ಬೇಕಾಗುತ್ತದೆ. ಮಾದರಿ ಕೊಡುವ ಮುನ್ನ ಕನಿಷ್ಠ 1 ಗಂಟೆ ಮೂತ್ರ ವಿಸರ್ಜಿಸದಿರಿ.

ಉತ್ತರ 2: ಮನೆಯಲ್ಲಿ ಉಳಿದಿರುವ ಆ್ಯಂಟಿಬಯೋಟಿಕ್ ನುಂಗಬೇಡಿ (ಹಿಂದೊಮ್ಮೆ ನಾನೇ ಆ ತಪ್ಪು ಮಾಡಿದ್ದೆ), ಸ್ರಾವ ನಿಂತರೂ ಸೋಂಕು ಒಳಗೇ ಉಳಿದಿರಬಹುದು. ಸಂಗಾತಿಗೂ ಚಿಕಿತ್ಸೆ ಆಗಲೇಬೇಕು. ಇಬ್ಬರ ಚಿಕಿತ್ಸೆಯೂ ಮುಗಿದು 7 ದಿನ ಕಳೆದು, ಲಕ್ಷಣಗಳೂ ಇಲ್ಲವಾಗುವವರೆಗೆ ಲೈಂಗಿಕ ಸಂಪರ್ಕ ಬೇಡ.

ಉತ್ತರ 3: ವೃಷಣದಲ್ಲಿ ನೋವು ಅಥವಾ ಊತ, ಜ್ವರ, ಮೂತ್ರ ಕಟ್ಟಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ. ಸಂಕೋಚದ ಮಾತಿಗೆ ಬಂದರೆ, ಇಂಥ ದೂರು ವೈದ್ಯರಿಗೆ ಹೊಸದೇನಲ್ಲ.