ಮೇ ಬಿಸಿಲಲ್ಲಿ ಸಾರ್ ಪಾಸ್: ಹಿಮ ಕುಸಿಯೋ ಭಯ ಎಷ್ಟು? ಹೋದವರು ಹೇಳಿ

ಶಿರಸಿ ಪೇಟೆ: ಮೇ ಎರಡನೇ ವಾರ ನಾನು, ಹೆಂಡತಿ, ಪಿಯುಸಿ ಮುಗಿಸಿದ ಮಗಳು ಹಿಮಾಚಲದ ಸಾರ್ ಪಾಸ್ ಕಣಿವೆದಾರಿಯ ಚಾರಣಕ್ಕೆ ಹೊರಟಿದ್ದೇವೆ. ಈ ಸಲ ಅಲ್ಲಿ ಹಿಮ ತಡವಾಗಿ ಬಿದ್ದು, ಈಗ ಒಮ್ಮೆಲೇ ಬಿಸಿಲು ಏರಿದೆಯಂತೆ. ಹೋಗಬಹುದಾ?

ಕೋಡಿಬಾಗ: ನಾನು ಹತ್ತೋ ದಾರಿಯಲ್ಲಿ ಮೊದಲೇ ಸಿಗೋ ಗ್ರಹಣ್ ಹಳ್ಳಿಯಿಂದಲೇ ವಾಪಸ್ ಬಂದವ. ರಾತ್ರಿ ಬಿಡದೆ ಮೋಡ. ಮೋಡ ಇದ್ದರೆ ಹಿಮ ಮತ್ತೆ ಹೆಪ್ಪುಗಟ್ಟುವುದಿಲ್ಲ, ಹಗಲು ಕರಗಿದ ನೀರು ಒಳಗಿಳಿದು ಪದರದ ಹಿಡಿತ ಬಿಡಿಸ್ತದೆ. ಚಾರಣ ನಡೆಸುವವರಿಗೆ ಕಟ್ಟಿದ್ದು ₹38,000, ವಾಪಸ್ ಬಂದದ್ದು ಸೊನ್ನೆ. ದಿಲ್ಲಿಯಿಂದ ವೋಲ್ವೋ ₹4,800. ಬಾಡಿಗೆ ಬೂಟು ₹900, ಅದಕ್ಕೆ ಕೆಸರಾಗಿದೆ ಅಂತ ಮೇಲೆ ₹150 ಮುರಕೊಂಡ್ರು. ಮಂಗಳಾ ಎಕ್ಸ್‌ಪ್ರೆಸ್ ಟಿಕೆಟ್ ಬದಲಿಸಿದ್ದು ಬೇರೆ. ‘ಮುಂದಿನ ಬ್ಯಾಚಿಗೆ ಬನ್ನಿ’ ಅಂದ್ರು. ರಜೆ ಇವರಪ್ಪ ಕೊಡ್ತಾನಾ?

ತೋಟದ ಮನೆ: ನಾವು ದಾಟಿದ್ದೇವೆ ಸ್ವಾಮಿ. ಪಾಸಿಗೆ ಮುಂಚಿನ ಕೊನೆಯ ಕ್ಯಾಂಪು ನಗಾರಿನಿಂದ ರಾತ್ರಿ ಎರಡೂವರೆಗೇ ಹೊರಟೆವು. ಹಿಮ ಎಷ್ಟು ಗಟ್ಟಿ ಅಂದ್ರೆ ಗೈಡು ಬೂಟಿನ ತುದಿಯಲ್ಲಿ ಒದ್ದು ಒದ್ದು ಮೆಟ್ಟಿಲು ಮಾಡಬೇಕಾಯ್ತು. ಅದೇ ಹಿಮ ಹತ್ತೂವರೆ ಹೊತ್ತಿಗೆ ಪಾಸ್ ದಾಟಿ ಬಿಸ್ಕೇರಿ ಕಡೆ ಇಳಿಯೋ ಇಳಿಜಾರಲ್ಲಿ ಮೊಣಕಾಲ ತನಕ ಹೂತುಕೊಳ್ತಿತ್ತು. ಬೇಗ ಏಳಲಾಗದವರು ಕಾರವಾರದ ಸಮುದ್ರದ ದಂಡೆಯಲ್ಲಿ ಕೂತು ಹೆದರಿಸೋದು ಬೇಡ.

ಕೋಡಿಬಾಗ: ದಂಡೆಯವರಿಗೆ ಗುಡ್ಡ ಗೊತ್ತಿಲ್ಲ ಅಂದ್ಕೊಂಡ್ರಾ? 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಬಿದ್ದದ್ದು ನಿಮ್ಮ ತೋಟದಲ್ಲಲ್ಲ.

ತೋಟದ ಮನೆ: ಅದು ಮಳೆ, ಮಣ್ಣು. ರಸ್ತೆಗೆ ಗುಡ್ಡ ಕಡಿದದ್ದನ್ನೂ ಹೇಳಿ. ಎಲ್ಲಿಂದೆಲ್ಲಿಗೆ ಗಂಟು ಹಾಕ್ತೀರಿ ಮಾರಾಯ್ರೇ!

ಯಲ್ಲಾಪುರ ಘಟ್ಟ: ಬೇಗ ಎದ್ದರೆ ಮುಗೀತು ಅನ್ನೋದು ಅರ್ಧ ಮಾತು. ರಾತ್ರಿ ಹೆಪ್ಪುಗಟ್ಟದಿದ್ದರೆ ಬೆಳಗಿನ ಜಾವವೂ ನಂಬಿಕೆಗೆ ಇಲ್ಲ. ಹೆಚ್ಚಿನ ಕುಸಿತ 30ರಿಂದ 45 ಡಿಗ್ರಿ ಇಳಿಜಾರಲ್ಲೇ, ಪೂರ್ವಕ್ಕೆ ಮುಖ ಮಾಡಿದ್ದು ಮೊದಲು ಬಿಸಿಯಾಗ್ತದೆ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಹಿಮ ಕುಸಿದು ಸತ್ತ ಏಳು ಮಂದಿ ಪ್ರವಾಸಿಗರು, ಶಿಖರ ಹತ್ತಿದವರಲ್ಲ. ನಾನಂತೂ ಹಿಮದಡಿ ಹೂತವರನ್ನು ರೇಡಿಯೋ ಸಂಕೇತದಿಂದ ಹುಡುಕುವ ಟ್ರಾನ್ಸೀವರ್ ತರಿಸಿಕೊಂಡೆ. ₹27,500, ಸುಂಕ ₹9,600, ಕೊರಿಯರಿನವ ಮತ್ತೆ ₹450 ಕಿತ್ತ. ನನ್ನದಕ್ಕೆ ರೀಚಾರ್ಜ್ ಬ್ಯಾಟರಿ ಹಾಕುವಂತಿಲ್ಲ, ಅಲ್ಕಲೈನೇ ಬೇಕು.

ತೋಟದ ಮನೆ: ಒಂದೇ ತಗೊಂಡ್ರಾ? ನೀವು ಹೂತರೆ ಹುಡುಕೋರ ಕೈಯಲ್ಲಿ ಏನಿದೆ, ಅಡಕೆ ಕತ್ತಿಯಾ?

ಯಲ್ಲಾಪುರ ಘಟ್ಟ: ಎರಡು. ಹಿಮಕ್ಕೆ ಚುಚ್ಚಿ ಹುಡುಕೋ ಸಲಾಕೆ, ತೋಡೋ ಸಲಿಕೆ ಬೇರೆ. ಕುಸಿದ ಒದ್ದೆ ಹಿಮ ನಿಂತ ಕೂಡಲೇ ಸಿಮೆಂಟಿನ ಹಾಗೆ ಬಿಗಿಯಾಗ್ತದೆ, ಕೈಯಲ್ಲಿ ತೋಡೋಕಾಗಲ್ಲ. ಕಾಲು ಗಂಟೆ ಮೀರಿದರೆ ಬದುಕೋದು ಕಷ್ಟ. ನಿಮ್ಮ ಬಿಸ್ಕೇರಿ ಜಾರುಬಂಡಿ ವಿಡಿಯೋ ನೋಡಿದ್ದೇನೆ, ಒಬ್ಬರ ಬೆನ್ನಿಗೊಬ್ಬರು ಸಾಲಾಗಿ. ಒಬ್ಬೊಬ್ಬರೇ ಇಳೀಬೇಕು ಅಂತ ಯಾರೂ ಹೇಳಲಿಲ್ವಾ?

ತೋಟದ ಮನೆ: ಗೈಡು ಹೇಳಿದ ಹಾಗೆ ಇಳಿದೆವು. ಅವ ಅಲ್ಲೇ ಹುಟ್ಟಿದವ, ನೀವು ಯೂಟ್ಯೂಬಲ್ಲಿ.

ಶಿರಸಿ ಪೇಟೆ: ಮೋಡದ ರಾತ್ರಿಯಾದರೆ ನಗಾರಲ್ಲಿ ಒಂದು ದಿನ ನಿಲ್ಲಿಸ್ತಾರಾ?

ಕೋಡಿಬಾಗ: ದುಡ್ಡು ಕಟ್ಟುವ ಮೊದಲೇ ಕೇಳಿ, ಬರಹದಲ್ಲಿ ತಗೊಳ್ಳಿ. ನಮಗೆ ‘ಹಿಂದೆ ಇನ್ನೊಂದು ಬ್ಯಾಚ್ ಬರ್ತಿದೆ, ಟೆಂಟ್ ಖಾಲಿ ಮಾಡಿ’ ಅಂದಿದ್ರು. ಅಂದ ಹಾಗೆ ತೋಟದ ಮನೆಯವರೇ, ನಿಮಗೆ ಎಷ್ಟು ಬಿತ್ತು? ಅದನ್ನು ಮಾತ್ರ ಹೇಳ್ತಿಲ್ಲ.