ಸ್ಪಿತಿಗೆ ಮನಾಲಿ ಕಡೆಯಿಂದ ಹೋಗೋದೋ, ಶಿಮ್ಲಾ ಕಡೆಯಿಂದಲೋ?

ಕೋಟೆನಾಡು: ಸೆಪ್ಟೆಂಬರ್ ಮೊದಲ ವಾರ ದುರ್ಗದಿಂದ ಮೂವರು ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿದ್ದೇವೆ. ಅಮ್ಮನಿಗೆ 61, ಬಿಪಿ ಮಾತ್ರೆ ತಗೋತಾರೆ. ಏಜೆಂಟ್ ಕೊಟ್ಟ ಪ್ಲಾನ್: ಮೊದಲ ದಿನ ಮನಾಲಿಯಿಂದ ನೇರ ಚಂದ್ರತಾಲ್ ಸರೋವರ, ಟೆಂಟಲ್ಲಿ ರಾತ್ರಿ, ಮರುದಿನ ಕಾಜಾ. ಸರಿಯಿದೆಯಾ? ಪಿನ್ ಕಣಿವೆಗೆ ಒಂದು ದಿನ ಸಾಕಾ?

ಜೋಗಿಮಟ್ಟಿ: ಆ ಪ್ಲಾನ್ ಬಿಡಿ ಸರ್. ಮನಾಲಿ 2,050 ಮೀಟರ್, ಚಂದ್ರತಾಲ್ ಸುಮಾರು 4,250. ಒಂದೇ ದಿನ ಅಷ್ಟು ಹತ್ತಿ ಅಲ್ಲೇ ಮಲಗಿದ್ರೆ ತಲೆನೋವು, ವಾಂತಿ ಗ್ಯಾರಂಟಿ ಅಂತಲೇ ಇಟ್ಕೊಳ್ಳಿ. 3,000 ದಾಟಿದ ಮೇಲೆ ಮಲಗೋ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಏರಬಾರದು.

ಶಿಮ್ಲಾ ಕಡೆಯಿಂದ ಹೋಗಿ: ಶಿಮ್ಲಾ, ಸರಾಹನ್, ಕಲ್ಪಾ (2,960), ತಾಬೊ (3,280), ಆಮೇಲೆ ಕಾಜಾ (3,650). ಕಲ್ಪಾದಲ್ಲಿ ಎರಡು ರಾತ್ರಿ. ನಾಕೋ 3,600ರ ಆಸುಪಾಸಿದೆ, ಅಲ್ಲಿ ಊಟ ಮುಗಿಸಿ ಮುಂದೆ ನಡೀರಿ. ತಾಬೊ ಅದಕ್ಕಿಂತ ತಗ್ಗು, ಕ್ರಿ.ಶ. 996ರ ಮಣ್ಣಿನ ಗೊಂಪಾನೂ (ಬೌದ್ಧ ಮಠ) ಅಲ್ಲೇ. ಚಂದ್ರತಾಲ್ ಕೊನೆಗಿರಲಿ, ಕುಂಜುಮ್ ಕಣಿವೆದಾರಿ (ಪಾಸ್) ದಾಟಿ ಮನಾಲಿಗೆ ಇಳಿಯುವಾಗ. ಅವತ್ತು ನಸುಕಲ್ಲೇ ಹೊರಡಿ. ಬಿಸಿಲೇರಿದ್ರೆ ಹಿಮ ಕರಗಿ ನಾಲಾಗಳು ರಸ್ತೆ ಮೇಲೇ ಹರೀತವೆ. ಟ್ಯಾಂಕ್ ಕಾಜಾದಲ್ಲೇ ತುಂಬಿಸಿ, ಮನಾಲಿ ರಸ್ತೆ ಸೇರೋ ಗ್ರಾಂಫೂವರೆಗೆ ಬಂಕ್ ಇಲ್ಲ.

ಸೆಪ್ಟೆಂಬರ್ 15ರ ನಂತರ ಹೋದ್ರೆ ಇನ್ನೂ ಒಳ್ಳೇದು. ಮಳೆ ಮುಗಿಯೋ ಮುಂಚೆ ಕಿನ್ನೌರ್‌ನಲ್ಲಿ (ಕಲ್ಪಾ ಇರೋ ಜಿಲ್ಲೆ) ಗುಡ್ಡ ಕುಸಿಯುತ್ತೆ.

ಬೆಣ್ಣೆದೋಸೆ: ಅಮ್ಮನ ಬಿಪಿ ಮಾತ್ರೆ ಸ್ಟ್ರಿಪ್ ಹಿಂದೆ ಹೈಡ್ರೋಕ್ಲೋರೋಥಯಜೈಡ್ ಅಂತಿದೆಯಾ ನೋಡಿ. ಅದು ಮೂತ್ರ ಹೆಚ್ಚಿಸೋ ಔಷಧಿ. ಎತ್ತರದ ಕಾಯಿಲೆ ತಡೆಯೋಕೆ ಕೊಡೋ ಡಯಾಮಾಕ್ಸ್ (ಸಾಮಾನ್ಯವಾಗಿ 125 ಮಿ.ಗ್ರಾಂ, ದಿನಕ್ಕೆರಡು ಸಲ) ಕೂಡ ಮೂತ್ರ ಹೆಚ್ಚಿಸುತ್ತೆ, ಎರಡೂ ಸೇರಿದ್ರೆ ಪೊಟ್ಯಾಸಿಯಂ ಇಳಿಯುತ್ತೆ. ಸಲ್ಫಾ ಅಲರ್ಜಿ ಇದ್ರೆ ಅದನ್ನೂ ಡಾಕ್ಟರಿಗೆ ಹೇಳಿ.

ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯೋದು) ಹಾಕೋ ಮುಂಚೆ ಬೆರಳು ಉಜ್ಜಿ ಬಿಸಿ ಮಾಡಿ, ತಣ್ಣಗಿದ್ರೆ ಅಂಕಿ ಕಡಿಮೆ ತೋರಿಸಿ ಸುಮ್ನೆ ಗಾಬರಿ. ಅದಕ್ಕಿಂತ ನಡಿಗೆ ನೋಡಿ: ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸಿ ನೇರ ನಡೆಯೋವಾಗ ತೂರಾಡಿದ್ರೆ, ಕೂತಲ್ಲೇ ಏದುಸಿರು ಬಂದ್ರೆ, ಬೆಳಗಾಗಲಿ ಅಂತ ಕಾಯದೆ ಕೆಳಗಿಳಿಸಿ.

ಅಡುಗೆ ಸಾಮಾನು ಒಯ್ಯೋದಾದ್ರೆ ಕುಕ್ಕರ್ ಇರಲಿ. ಕಾಜಾದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತೆ, ಬರೀ ಪಾತ್ರೆಯಲ್ಲಿ ಅಕ್ಕಿ ಬೇಯೋದು ಕಷ್ಟ.

ಚಳ್ಳಕೆರೆ ಶೇಂಗಾ: ಪಿನ್ ರಾಷ್ಟ್ರೀಯ ಉದ್ಯಾನ 1987ರದು, 675 ಚದರ ಕಿ.ಮೀ. ಒಂದು ದಿನ ಅಂದ್ರೆ ಕಾರಿನ ಕಿಟಕಿಯಲ್ಲಿ ನೋಡೋದಷ್ಟೇ. ಮುದ್ ಊರಲ್ಲಿ ಒಂದು ರಾತ್ರಿ ಇರಿ, ಬೆಳಿಗ್ಗೆ ಬಂಡೆಗಳ ಮೇಲೆ ಐಬೆಕ್ಸ್ (ಕಾಡುಮೇಕೆ) ಕಾಣಬಹುದು. ಹಿಮಚಿರತೆ ಆಸೆ ಇದ್ರೆ ಫೆಬ್ರುವರಿಯಲ್ಲಿ ಕಿಬ್ಬರ್, ಈಗಲ್ಲ.

ಸಹ್ಯಾದ್ರಿಯ ಮರೆಗೆ ನಮ್ಮ ತಾಲ್ಲೂಕು ಒಣಗಿದ ಹಾಗೆ ಅಲ್ಲಿ ಪೀರ್ ಪಂಜಾಲ್ ಪರ್ವತಸಾಲು ಮುಂಗಾರು ತಡೆಯುತ್ತೆ. ಜೊತೆಗೆ ಚಳಿ, ಗಿಡ ಬೆಳೆಯೋದು ತುಂಬ ನಿಧಾನ. ಫೋಟೊಗೆ ಅಂತ ಗಾಡಿ ರಸ್ತೆ ಬಿಟ್ಟು ಇಳಿಸಬೇಡಿ. ಚಂದ್ರತಾಲ್ ದಡದಲ್ಲಿ ಟೆಂಟ್ ಹಾಕೋಹಾಗಿಲ್ಲ, ಕ್ಯಾಂಪುಗಳು ದೂರದಲ್ಲಿವೆ. ನೆಟ್‌ವರ್ಕ್ ಹೋದ್ರೆ ಯುಪಿಐ ಇಲ್ಲ, ನಗದು ಇರಲಿ.

ಕೋಟೆನಾಡು: ಸ್ಟ್ರಿಪ್ ನೋಡಿದೆ. ಟೆಲ್ಮಿಸಾರ್ಟಾನ್ 40, ಜೊತೆಗೆ ನೀವು ಹೇಳಿದ ಹೈಡ್ರೋಕ್ಲೋರೋಥಯಜೈಡೂ 12.5 ಇದೆ.

ಬೆಣ್ಣೆದೋಸೆ: ಹಾಗಾದ್ರೆ ಬುಕಿಂಗ್‌ಗಿಂತ ಮೊದಲು ಡಾಕ್ಟರ್. ಮಾತ್ರೆ ನೀವಾಗೇ ನಿಲ್ಲಿಸಬೇಡಿ.